ಜಿಪಿಯು ಖಾಲಿ ಕೂತಿದೆ, ಗೇಮ್ ಮಾತ್ರ ತಡವರಿಸುತ್ತದೆ

ಪ್ರಶ್ನೆ: ಲಿನಕ್ಸ್‌ನಲ್ಲಿ ಒಂದು ಕಡೆ ದೊಡ್ಡ ಪ್ರೋಗ್ರಾಂ ಕಂಪೈಲ್‌ಗೆ ಹಾಕಿ ಗೇಮ್ ಆಡಿದರೆ ಚಿತ್ರ ತಡವರಿಸುತ್ತದೆ. ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ಅರ್ಧವೂ ಇಲ್ಲ. ಕಾರ್ಡ್ ಕೆಟ್ಟಿದೆಯಾ?

ಉತ್ತರ: ಸುಮ್ನೆ ಕಾರ್ಡ್ ಮೇಲೆ ಅನುಮಾನ ಬೇಡ. ಗೇಮ್ ಕೊಟ್ಟ ಕೆಲಸ ಮೊದಲು ಡ್ರೈವರ್‌ನ ಸರತಿಯಲ್ಲಿ ನಿಲ್ಲುತ್ತದೆ, ಆಮೇಲೆ ಕರ್ನಲ್‌ನ (ಲಿನಕ್ಸ್‌ನ ತಿರುಳು) ಒಂದು ಥ್ರೆಡ್ (ಸಿಪಿಯು ಮೇಲೆ ಓಡುವ ಕೆಲಸದ ಎಳೆ) ಎದ್ದು ಬಂದು ಅದನ್ನು ಕಾರ್ಡ್‌ಗೆ ತಳ್ಳಬೇಕು. ಅದಕ್ಕೆ ಬೇಕಾದ ಸಿಪಿಯು ಸಮಯ ಚಿಟಿಕೆಯಷ್ಟು. ಆದರೆ ಎಲ್ಲ ಕೋರ್‌ಗಳಲ್ಲೂ ಕಂಪೈಲರ್ ಕೂತಿದ್ದರೆ ಆ ಥ್ರೆಡ್ಡೂ ಕಾಯಬೇಕು, ಅಲ್ವಾ? 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದೇ ಸುಮಾರು 16.7 ಮಿಲಿಸೆಕೆಂಡು!

ಲಿನಕ್ಸ್ 6.7ರವರೆಗೆ ಡಿಆರ್‌ಎಂ ಶೆಡ್ಯೂಲರ್‌ಗೆ (ಈ ತಳ್ಳುವ ಕೆಲಸ ನೋಡಿಕೊಳ್ಳುವ ಕರ್ನಲ್ ಭಾಗ) ಸ್ವಂತ ಥ್ರೆಡ್ ಇತ್ತು, ಸಾಮಾನ್ಯ ಕೆಲಸಗಳಿಗಿಂತ ಮೊದಲು ಓಡುವ ರಿಯಲ್‌ಟೈಮ್ ಆದ್ಯತೆಯೂ ಇತ್ತು. 2024ರಲ್ಲಿ ಬಂದ 6.8ರಲ್ಲಿ ಆ ಕೆಲಸ ವರ್ಕ್‌ಕ್ಯೂಗೆ (ವರ್ಕರ್ ಅನ್ನುವ ಹಂಚಿಕೆಯ ಥ್ರೆಡ್‌ಗಳು ಮಾಡಿ ಮುಗಿಸುವ ಕೆಲಸಗಳ ಸರತಿ) ಹೋಯಿತು. ಅಲ್ಲಿ ಸಾಮಾನ್ಯ ವರ್ಕರ್‌ನ ನೈಸ್ (ಕಡಿಮೆಯಾದಷ್ಟೂ ಸಿಪಿಯು ಹೆಚ್ಚು ಸಿಗುವ ಆದ್ಯತೆಯ ಅಂಕಿ) 0, ಅಂದರೆ ನಿಮ್ಮ ಕಂಪೈಲರ್‌ಗೂ ಅದಕ್ಕೂ ಒಂದೇ ಮರ್ಯಾದೆ. ಹೈಪ್ರಯಾರಿಟಿ ವರ್ಕ್‌ಕ್ಯೂ ಆದರೆ ನೈಸ್ -20, ಆದರೆ ಅದನ್ನು ಡ್ರೈವರ್ ಬರೆಯುವವರೇ ಕೇಳಬೇಕು. ಎಲ್ಲದಕ್ಕೂ ರಿಯಲ್‌ಟೈಮ್ ಕೊಡಿ ಅನ್ನುವವರೂ ಇದ್ದಾರೆ, ನನಗೆ ಅದು ಜಾಸ್ತಿಯಾಯಿತು ಅನ್ನಿಸುತ್ತದೆ.

ಸದ್ಯಕ್ಕೆ ಕಂಪೈಲ್ ಕೆಲಸವನ್ನು ನೈಸ್ 19ರಲ್ಲಿ ಓಡಿಸಿ, ಒಂದೆರಡು ಕೋರ್ ಖಾಲಿ ಬಿಡಿ. ತಡವರಿಕೆ ನಿಂತರೆ ಕಾರಣ ಸಿಪಿಯುಗಾಗಿನ ಪೈಪೋಟಿ, ಕಾರ್ಡ್ ಅಲ್ಲ; ಆದರೆ ಕಾದದ್ದು ಈ ಥ್ರೆಡ್ಡೋ ಗೇಮ್‌ನದೇ ಥ್ರೆಡ್ಡೋ ಅಂತ ಅಷ್ಟರಿಂದಲೇ ಗೊತ್ತಾಗದು.