ಅಟ್ಟದ ಗುಟ್ಟು, 30 ಪೌಂಡ್ ಸಂಬಳ

ಪ್ರಶ್ನೆ: ಷಾರ್ಲೆಟ್ ಬ್ರಾಂಟೆಯವರ ‘ಜೇನ್ ಐರ್’ ಕಾದಂಬರಿಯನ್ನು ಈಚೆಗೆ ಓದಿದೆ. ಸಿರಿವಂತ ರಾಚೆಸ್ಟರ್‌ಗೂ ಅವನ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಬಡ ಜೇನ್‌ಗೂ ನಡುವೆ ಬೆಳೆಯುವ ಪ್ರೀತಿ ಮನಸ್ಸಿಗೆ ನಾಟಿತು. ಆದರೆ ಅಟ್ಟದಲ್ಲಿ ಬಚ್ಚಿಟ್ಟ ಹೆಂಡತಿ, ನಡುರಾತ್ರಿಯ ನಗು, ಬೆಂಕಿ ಇವೆಲ್ಲ ಕುತೂಹಲಕ್ಕಾಗಿ ತಂದು ಸೇರಿಸಿದಂತೆ ಕಂಡವು. ಅಂತಸ್ತಿನ ಕಥೆಗೆ ಈ ರಹಸ್ಯ ಬೇಕಿತ್ತೆ?

ಉತ್ತರ: ಬೇಕೇ ಬೇಕಿತ್ತು. ಆ ರಹಸ್ಯವನ್ನು ಬಯಲಿಗೆ ತರುವುದು ಜೇನ್‌ಳ ಸ್ವಾಭಿಮಾನವೇ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಗಮನಿಸಿ. 1847ರಲ್ಲಿ ‘ಕರರ್ ಬೆಲ್’ ಎಂಬ ಗುಪ್ತನಾಮದಲ್ಲಿ ಈ ಕೃತಿಯನ್ನು ಪ್ರಕಟಿಸಿದ ಲೇಖಕಿ ಸ್ವತಃ ಗವರ್ನೆಸ್ (ಸಿರಿವಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವಾಕೆ) ಆಗಿ ದುಡಿದವರು. ಒಡೆಯರ ಪಂಕ್ತಿಗೂ ಸಲ್ಲದ, ಆಳುಗಳ ಗುಂಪಿಗೂ ಸೇರದ ಆ ಬದುಕಿನ ಇರಿಸುಮುರಿಸು ಅವರಿಗೆ ಚೆನ್ನಾಗಿ ಗೊತ್ತಿತ್ತು. ಜೇನ್ ಪರದೆಯ ಮರೆಯಲ್ಲಿ ಕುಳಿತಿರುವಾಗ, ಅವಳಿಗೆ ಕೇಳಿಸುವಂತೆಯೇ ಅತಿಥಿಗಳು ಗವರ್ನೆಸ್‌ಗಳನ್ನು ಹೀಯಾಳಿಸುವ ಪ್ರಸಂಗ ನಿಮಗೆ ನೆನಪಿರಬಹುದು.

ಮದುವೆ ನಿಶ್ಚಯವಾದ ಮೇಲೆ ರಾಚೆಸ್ಟರ್ ಅವಳನ್ನು ರೇಷ್ಮೆ ಅಂಗಡಿಗೆ ಕರೆದೊಯ್ದು ಆರು ಉಡುಪು ಆರಿಸಿಕೊಳ್ಳೆನ್ನುತ್ತಾನೆ. ಅವಳು ಹಟ ಹಿಡಿದು ಎರಡಕ್ಕೆ ಇಳಿಸುತ್ತಾಳೆ. ಅವನು ಕೊಡಿಸಿದಷ್ಟೂ ಅವಳಿಗೆ ಮುಜುಗರ ಹೆಚ್ಚುತ್ತದೆ, ಏಕೆಂದರೆ ಪ್ರೀತಿಸಿದವನ ಹಂಗೂ ಹಂಗೇ. ಮದುವೆಯಾಗುವವರೆಗೆ ಪಾಠ ಹೇಳಿಕೊಂಡು ವರ್ಷದ 30 ಪೌಂಡ್ ಸಂಬಳವನ್ನೇ ಪಡೆಯುವೆನೆಂದು ಅವಳು ಹೇಳುವುದಷ್ಟೇ ಅಲ್ಲ, ತನ್ನದೆಂಬ ಪುಡಿಗಾಸಾದರೂ ಇದ್ದರೆ ಎಂಬ ಆಸೆಯಿಂದ ಮದೀರಾ ದ್ವೀಪದಲ್ಲಿರುವ ಚಿಕ್ಕಪ್ಪನಿಗೆ ಮದುವೆಯ ಸುದ್ದಿ ತಿಳಿಸಿ ಕಾಗದ ಬರೆಯುತ್ತಾಳೆ. ಆ ಕಾಗದ ತಲುಪಿದಾಗ ಅಲ್ಲಿ ತಂಗಿದ್ದವನು ರಾಚೆಸ್ಟರ್‌ನ ಹೆಂಡತಿ ಬರ್ತಾಳ ಸೋದರ ಮೇಸನ್. ಚರ್ಚಿನಲ್ಲಿ ಮದುವೆ ನಿಂತುಹೋಗುವುದು ಇದರಿಂದಲೇ. ಹಂಗು ಹರಿದುಕೊಳ್ಳಲು ಬರೆದ ನಾಲ್ಕು ಸಾಲು ಅಟ್ಟದ ಬೀಗ ತೆಗೆಯುತ್ತದೆ.

ಇನ್ನು ಆ ಗುಟ್ಟು ಹುಟ್ಟಿದ್ದಾದರೂ ಹೇಗೆ? ಆಸ್ತಿಯನ್ನು ಪಾಲು ಮಾಡಲೊಪ್ಪದ ತಂದೆ ಎಲ್ಲವನ್ನೂ ಹಿರಿಯ ಮಗನಿಗೆ ಬಿಟ್ಟು, ಕಿರಿಯ ರಾಚೆಸ್ಟರ್‌ನನ್ನು 30,000 ಪೌಂಡ್ ವರದಕ್ಷಿಣೆಯ ಆಸೆಗೆ ಜಮೈಕಾದಲ್ಲಿ ಮದುವೆ ಮಾಡಿಸಿದ. ವಿಚ್ಛೇದನಕ್ಕೆ ಸಂಸತ್ತಿನ ಕಾಯಿದೆಯೇ ಬೇಕಾಗಿದ್ದ ಕಾಲವದು. ಹೆಂಡತಿಯ ಬುದ್ಧಿಭ್ರಮಣೆ ಅದಕ್ಕೆ ಕಾರಣವಾಗುತ್ತಿರಲಿಲ್ಲ. ಮದುವೆಯಿಲ್ಲದೆ ತನ್ನೊಡನೆ ಬಾಳೆಂದು ಅವನು ಬೇಡಿಕೊಂಡಾಗ ಜೇನ್ ರಾತ್ರೋರಾತ್ರಿ ಹೊರಟುಹೋಗುತ್ತಾಳೆ. ಆಗ ಅವಳ ಬಳಿ ಇದ್ದದ್ದು 20 ಷಿಲಿಂಗ್.

ಪ್ರಶ್ನೆ: ಕೊನೆಯಲ್ಲಿ ಅವಳಿಗೆ ಆಸ್ತಿ ಬರುವುದು ಲೇಖಕಿಯ ಅನುಕೂಲಕ್ಕಲ್ಲವೆ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆದರೂ 20,000 ಪೌಂಡನ್ನು ಮೂವರು ಸೋದರಬಂಧುಗಳೊಡನೆ ಸಮನಾಗಿ ಹಂಚಿಕೊಂಡು, ತನ್ನ 5,000 ಪೌಂಡಿನೊಂದಿಗೆ ಅವಳು ಕುರುಡನಾದ ರಾಚೆಸ್ಟರ್‌ನ ಬಳಿಗೆ ತಾನಾಗಿಯೇ ಮರಳುವುದನ್ನು ನಾನು ಮೆಚ್ಚುತ್ತೇನೆ. ನನ್ನನ್ನು ನಿಜವಾಗಿ ಕಾಡುವ ಕೊರತೆ ಬೇರೆ. ಜೇನ್‌ಗೆ ಸ್ವಾತಂತ್ರ್ಯ ತಂದುಕೊಟ್ಟ ಹಣವೇ ಬರ್ತಾಳ ಪಾಲಿಗೆ ಸೆರೆಯಾಯಿತು. ಅವಳ ಕಥೆಯನ್ನು ಅವಳ ಬಾಯಿಂದ ಕೇಳುವ ಅವಕಾಶವನ್ನು ಕಾದಂಬರಿ ನಮಗೆ ಎಲ್ಲಿಯೂ ಕೊಡುವುದಿಲ್ಲ.