ಓಡುವ ಕಣಕ್ಕೆ ಕಾಲ ನಿಧಾನವೇ?

ಪ್ರಶ್ನೆ: ವೇಗವಾಗಿ ಚಲಿಸುವ ವಸ್ತುವಿಗೆ ಕಾಲ ನಿಧಾನವಾಗಿ ಸರಿಯುತ್ತದೆ ಎಂಬುದು ಬರಿಯ ಲೆಕ್ಕಾಚಾರವೇ, ಪುರಾವೆಯೂ ಇದೆಯೇ?

ಉತ್ತರ: ಪುರಾವೆ ನಮ್ಮ ತಲೆಯ ಮೇಲೆಯೇ ಸದಾ ಸುರಿಯುತ್ತಿದೆ. ಬಾಹ್ಯಾಕಾಶದಿಂದ ಬರುವ ಶಕ್ತಿಶಾಲಿ ಕಣಗಳಾದ ವಿಶ್ವಕಿರಣಗಳು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ ಮ್ಯುಯಾನ್ ಕಣಗಳ (ಇವು ಎಲೆಕ್ಟ್ರಾನಿನಂಥವೇ, ಆದರೆ ಹೆಚ್ಚು ಭಾರ) ಸರಾಸರಿ ಆಯುಸ್ಸು ಕೇವಲ 2.2 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಸೆಕೆಂಡ್), ಅಷ್ಟರಲ್ಲಿ ಬೆಳಕು ಕೂಡ 660 ಮೀಟರ್ ಮಾತ್ರ ಸಾಗಬಲ್ಲದು. ಆ ಲೆಕ್ಕದಲ್ಲಿ ಅವು ದಾರಿಯಲ್ಲೇ ಬಹುಪಾಲು ಅಳಿಯಬೇಕಿತ್ತು. ಆದರೆ ನೀವು ಅಂಗೈ ಚಾಚಿದರೆ ಅದರ ಮೂಲಕ ಸೆಕೆಂಡಿಗೆ ಒಂದಾದರೂ ಮ್ಯುಯಾನ್ ಹಾದುಹೋಗುತ್ತದೆ. ಕೋಲಾರದ ಚಿನ್ನದ ಗಣಿಯ ಆಳದಲ್ಲೂ ವಿಜ್ಞಾನಿಗಳು ಅವನ್ನು ಅಳೆದಿದ್ದಾರೆ. ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಧಾವಿಸುವುದರಿಂದ ನಮ್ಮ ಗಡಿಯಾರದ ಪ್ರಕಾರ ಅವುಗಳ ಆಯುಸ್ಸು ಹಲವು ಪಟ್ಟು ಹಿಗ್ಗುತ್ತದೆ. ಭೌತವಿಜ್ಞಾನಿಗಳಾದ ಬ್ರೂನೊ ರೋಸಿ ಮತ್ತು ಡೇವಿಡ್ ಹಾಲ್ 1941ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನೇ ತೋರಿಸಿದವು. ಸ್ವಾರಸ್ಯವೆಂದರೆ, ಮ್ಯುಯಾನಿನ ದೃಷ್ಟಿಯಲ್ಲಿ ಅದರ ಆಯುಸ್ಸು ಕಿಂಚಿತ್ತೂ ಬೆಳೆದಿರುವುದಿಲ್ಲ; ವಾಯುಮಂಡಲದ ದಪ್ಪವೇ ಕುಗ್ಗಿರುತ್ತದೆ.