ಎಲ್ಲ ಕಡೆಯೂ ಒಂದೇ ಲೇಖಕರಾಗಿ ಕಾಣಲು

ಪ್ರಶ್ನೆ: ಕಥೆ ಬರೆಯುತ್ತೇನೆ. ಇನ್‌ಸ್ಟಾಗ್ರಾಂ, ಎಕ್ಸ್, ಫೇಸ್‌ಬುಕ್‌ನಲ್ಲಿ ಖಾತೆಗಳಿವೆ. ಆದರೆ ಹೆಸರು, ಫೋಟೊ ಒಂದೊಂದರಲ್ಲಿ ಒಂದೊಂದು. ಎಲ್ಲಿಂದ ಸರಿಪಡಿಸಲಿ?

ಉತ್ತರ: ಬಳಕೆದಾರ ಹೆಸರಿನಿಂದ, ಅಂದರೆ @ ಚಿಹ್ನೆಯ ನಂತರ ಬರುವ ಹೆಸರಿನಿಂದ. ಎಕ್ಸ್‌ನಲ್ಲಿ ಅದಕ್ಕೆ 15 ಅಕ್ಷರಗಳ ಮಿತಿ, ಚುಕ್ಕಿ ಹಾಕುವಂತಿಲ್ಲ. ಇನ್‌ಸ್ಟಾಗ್ರಾಂ 30 ಅಕ್ಷರಗಳನ್ನೂ ಚುಕ್ಕಿಯನ್ನೂ ಒಪ್ಪುತ್ತದೆ. ಅಲ್ಲಿ ಉದ್ದದ ಹೆಸರಿಟ್ಟವರು ಎಕ್ಸ್‌ಗೆ ಬಂದಾಗ ಅದನ್ನು ಕತ್ತರಿಸಬೇಕಾಗುತ್ತದೆ; ಗುರುತು ಒಡೆಯುವುದೇ ಹೀಗೆ. ಹಾಗಾಗಿ 15ರೊಳಗೆ, ಚುಕ್ಕಿಯಿಲ್ಲದ ಹೆಸರು ಆರಿಸಿ. ಮೂರೂ ಕಡೆ ಖಾಲಿ ಇದೆಯೇ ಎಂದು ನೋಡಿದ ಮೇಲಷ್ಟೇ ಬದಲಿಸಿ. ಬದಲಿಸಿದರೆ ನಿಮ್ಮ ಖಾತೆಯ ಹಳೆಯ ಕೊಂಡಿಗಳು ಕೆಲಸ ಮಾಡದೆ ಹೋಗಬಹುದು. ಇಮೇಲ್ ಸಹಿ, ಲೇಖಕ ಪರಿಚಯ, ಮುಂದಿನ ಮುದ್ರಣದ ಹಿಂಬದಿ ಎಲ್ಲವನ್ನೂ ಅಂದೇ ಪಟ್ಟಿ ಮಾಡಿ ತಿದ್ದಿ.

ಪ್ರದರ್ಶನದ ಹೆಸರು, ಅಂದರೆ ಖಾತೆಯಲ್ಲಿ ದಪ್ಪಕ್ಷರದಲ್ಲಿ ಕಾಣುವ ನಿಮ್ಮ ಹೆಸರು, ಪುಸ್ತಕದ ಮುಖಪುಟದಲ್ಲಿರುವಂತೆಯೇ ಇರಲಿ, ಇನಿಶಿಯಲ್ ಸಮೇತ. ಇಂಗ್ಲಿಷ್ ಕಾಗುಣಿತ ಒಂದನ್ನೇ ಹಿಡಿಯಿರಿ. ಇದನ್ನು ಹಗುರವಾಗಿ ನೋಡಬೇಡಿ, ಹುಡುಕುವವರು ತಪ್ಪಿಹೋಗುವುದು ಹೆಚ್ಚಾಗಿ ಇಲ್ಲೇ.

ಪರಿಚಯಕ್ಕೆ ಇನ್‌ಸ್ಟಾಗ್ರಾಂ 150, ಎಕ್ಸ್ 160 ಅಕ್ಷರ ಕೊಡುತ್ತವೆ. 150ರೊಳಗೆ ಒಂದೇ ಪಠ್ಯ ಬರೆದು ಎರಡೂ ಕಡೆ ಹಾಕಿ: ಏನು ಬರೆಯುತ್ತೀರಿ, ಇತ್ತೀಚಿನ ಪುಸ್ತಕ ಯಾವುದು. ‘ಕನಸುಗಾರ’, ‘ಅಕ್ಷರಪ್ರೇಮಿ’ಯಂಥ ಪದಗಳು ಜಾಗ ತಿನ್ನುತ್ತವೆ, ಮಾಹಿತಿ ಕೊಡುವುದಿಲ್ಲ. ಫೋಟೊ ಚೌಕವಾಗಿರಲಿ, ಮುಖ ನಡುವೆ. ಖಾತೆಯಲ್ಲಿ ಅದು ವೃತ್ತವಾಗಿ ಕಾಣುವುದರಿಂದ ಮೂಲೆಗಳು ಮರೆಯಾಗುತ್ತವೆ.

ಪ್ರಶ್ನೆ: ದಿನವೂ ಪೋಸ್ಟ್ ಹಾಕಬೇಕೇ?

ಉತ್ತರ: ಬೇಡ. ವಾರಕ್ಕೊಂದು ಸಾಕು, ನಿಗದಿತ ದಿನವೇ ಬರಲಿ. ಶುರುಮಾಡುವ ಮೊದಲು ನಾಲ್ಕು ಬರಹ ಸಿದ್ಧವಿಟ್ಟುಕೊಳ್ಳಿ. ಕಾದಂಬರಿಯ ಕೆಲಸ ಬಿಗಿಯಾದ ತಿಂಗಳಲ್ಲಿ ಅವೇ ಕೈಹಿಡಿಯುತ್ತವೆ.